ಉಪ್ಪು, ರಕ್ತದೊತ್ತಡ ಮತ್ತು ನಮ್ಮ ಹೆಣ್ಣುಮಕ್ಕಳು



‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಮನೆಯ ಹೊರಗೆ ದಿನವಿಡೀ ಮರಾಠಿ ಆಡಿ, ಸಂಜೆ ಒಲೆಯ ಮುಂದೆ ಕನ್ನಡಕ್ಕೆ ಮರಳುವ ನಮ್ಮ ಅಕ್ಕಲಕೋಟೆ, ಜತ್ತ ಕಡೆಯ ಹಳ್ಳಿಗಳಲ್ಲಿಯೂ ಈ ಗಾದೆ ಇನ್ನೂ ಬದುಕಿದೆ. ಉಪ್ಪನ್ನೂ ತಾಯಿಯನ್ನೂ ಒಂದೇ ಉಸಿರಿನಲ್ಲಿ ಹೇಳಿದ ಹಿರಿಯರಿಗೆ ಅವೆರಡರ ನಡುವೆ ಇನ್ನೊಂದು ಸಂಬಂಧವೂ ಇದೆಯೆಂಬುದು ಗೊತ್ತಿರಲಿಲ್ಲ. ಒಂದೇ ಉಪ್ಪು ಗಂಡಸಿನ ಮೈಯಲ್ಲಿ ಒಂದು ರೀತಿ, ಹೆಂಗಸಿನ ಮೈಯಲ್ಲಿ ಇನ್ನೊಂದು ರೀತಿ ನಡೆದುಕೊಳ್ಳುತ್ತದೆ. ಹೆಂಗಸಿನ ಮೈಯಲ್ಲಿಯೂ ಮುಟ್ಟು ನಿಲ್ಲುವ ಮೊದಲು ಒಂದು ಬಗೆ, ನಿಂತ ಮೇಲೆ ಮತ್ತೊಂದು ಬಗೆ. ಈ ಮಾತು ತಿಳಿಯಲು ವಿಜ್ಞಾನಕ್ಕೆ ಹೆಚ್ಚು ಕಡಿಮೆ ನೂರು ವರ್ಷ ಹಿಡಿಯಿತು. ಅಷ್ಟು ಕಾಲ ಏಕೆ ಹಿಡಿಯಿತು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ. ಮ್ಯಾಟ್ರಿಕ್ ಪಾಸಾಗಿ, ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಲೆಕ್ಕದಲ್ಲಿ ಎಂಟಾಣೆ ತಾಳೆಯಾಗದಿದ್ದರೂ ರಾತ್ರಿ ಎಂಟರವರೆಗೆ ಕೂತು ಹುಡುಕುವ ಅಭ್ಯಾಸ ನಮ್ಮದು. ಆ ಅಭ್ಯಾಸದಿಂದಲೇ ಈ ವಿಷಯವನ್ನೂ ಹುಡುಕಿಕೊಂಡು ಹೋದೆ. ಹೋಗುವುದಕ್ಕೆ ಒಂದು ಕಾರಣವೂ ಇತ್ತು.

ನಮ್ಮ ಮನೆಯವರಿಗೆ 2001ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಗರ್ಭಚೀಲ ತೆಗೆಯುವ ಆಪರೇಶನ್ ಆಯಿತು. ಮರಾಠಿಯವರು ಇದಕ್ಕೆ ‘ಪಿಶವಿ’ ತೆಗೆಯುವುದು ಎನ್ನುತ್ತಾರೆ. ಮುಟ್ಟಿನಲ್ಲಿ ಬಹಳ ರಕ್ತ ಹೋಗುತ್ತಿತ್ತು. ಆಪರೇಶನ್ ಆದ ಮೇಲೆ ಅದು ನಿಂತಿತು. ಇನ್ನು ಆರಾಮವಾಯಿತೆಂದು ನಾವು ತಿಳಿದೆವು. ಬಿ.ಪಿ. ನೋಡಿಸಿಕೊಳ್ಳುತ್ತಿರಿ ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೆಲವು ವರ್ಷಗಳ ಮೇಲೆ ಒಮ್ಮೊಮ್ಮೆ, “ತಲಿ ಗಿರ್ ಅಂತದ ನೋಡ್ರಿ” ಎನ್ನುತ್ತಿದ್ದರು. “ಬಿಸಲಾಗ ಅಡ್ಡಾಡಬ್ಯಾಡ” ಎಂದು ಹೇಳಿ ನಾನು ಬ್ಯಾಂಕಿಗೆ ಹೋಗುತ್ತಿದ್ದೆ. 2011ರ ದೀಪಾವಳಿಯ ಮುಂದೆ ಚಕ್ಕಲಿ ಒತ್ತುತ್ತಿದ್ದಾಗ ಎಡಗೈ ಸೋತು ಅಲ್ಲಿಯೇ ಕುಸಿದರು. ಆಸ್ಪತ್ರೆಗೆ ಒಯ್ದಾಗ ರಕ್ತದೊತ್ತಡ 210/120 ಇತ್ತು.

ಅಲ್ಲಿಯ ಡಾಕ್ಟರರು ಹಳೆಯ ಕಾಗದಗಳನ್ನು ತರಲು ಹೇಳಿದರು. ಟ್ರಂಕಿನಲ್ಲಿ ಹತ್ತು ವರ್ಷದಿಂದ ಇದ್ದ ಡಿಸ್ಚಾರ್ಜ್ ಕಾಗದವನ್ನು ಒಯ್ದು ಕೊಟ್ಟೆ. ಅವರು ಓದಿ, “ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದಿದ್ದಾರೆ, ನಿಮಗೆ ಗೊತ್ತಿಲ್ಲವೇ?” ಎಂದರು. ನನಗೆ ಗೊತ್ತಿರಲಿಲ್ಲ. ಊರವರ ಸಾವಿರಾರು ಕಾಗದಗಳನ್ನು ಅಕ್ಷರ ಬಿಡದೆ ಓದಿ ಸಹಿ ಮಾಡಿದವನು ಮನೆಯ ಆ ಒಂದು ಕಾಗದವನ್ನು ಓದಿರಲಿಲ್ಲ. ಆಪರೇಶನ್ನಿನಿಂದಲೇ ಅವರಿಗೆ ಲಕ್ವ ಹೊಡೆಯಿತೆಂದು ನಾನು ಹೇಳಲಾರೆ. ಒತ್ತಡಕ್ಕೆ ಹತ್ತು ಕಾರಣಗಳಿರುತ್ತವೆ. ಆದರೆ ಹತ್ತು ವರ್ಷ ಯಾರೂ ಅಳೆಯಲಿಲ್ಲ ಎಂಬುದು ಮಾತ್ರ ಖರೆ.

ಇನ್ನು ಇತಿಹಾಸಕ್ಕೆ ಬರೋಣ.

ರಕ್ತಕ್ಕೆ ಒತ್ತಡವಿದೆಯೆಂದು ಮೊದಲು ಅಳೆದು ತೋರಿಸಿದವರು ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ. ಅವರ ಪುಸ್ತಕ ಪ್ರಕಟವಾದದ್ದು 1733ರಲ್ಲಿ. ಕೆಲಸಕ್ಕೆ ಬಾರದ ಒಂದು ಕುದುರೆಯನ್ನು ನೆಲಕ್ಕೆ ಕಟ್ಟಿ ಮಲಗಿಸಿ, ತೊಡೆಯ ರಕ್ತನಾಳಕ್ಕೆ ಹಿತ್ತಾಳೆಯ ಕೊಳವೆ ಹಾಕಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆ ಜೋಡಿಸಿದರು. ರಕ್ತ ಎಂಟು ಅಡಿ ಮೂರು ಅಂಗುಲ ಎತ್ತರಕ್ಕೆ ಏರಿ ನಿಂತಿತು. ಅದು ಹೆಣ್ಣು ಕುದುರೆ ಎಂಬುದನ್ನು ಮಾತ್ರ ನೆನಪಿನಲ್ಲಿಡಿ. ಈ ಕತೆಯುದ್ದಕ್ಕೂ ಬಾಗಿಲು ತೆರೆದವರು ಹೆಣ್ಣುಗಳೇ ಆಗಿದ್ದಾರೆ.

ಮನುಷ್ಯರಿಗೆ ಗಾಯ ಮಾಡದೆ ಅಳೆಯುವ ತೋಳಪಟ್ಟಿಯನ್ನು 1896ರಲ್ಲಿ ಇಟಲಿಯ ಸಿಪಿಯೋನೆ ರಿವಾ-ರೊಚ್ಚಿ ಎಂಬ ವೈದ್ಯರು ಮಾಡಿದರು. ಅದರ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಸಪ್ಪಳ ಕೇಳುವ ಕ್ರಮವನ್ನು 1905ರಲ್ಲಿ ರಶಿಯಾದ ನಿಕೊಲಾಯ್ ಕೊರೊಟ್ಕೋವ್ ತಿಳಿಸಿದರು. ಆ ಕ್ರಮ ಈಗಲೂ ಹೋಗಿಲ್ಲ.

ಅಳೆಯುವ ಉಪಕರಣ ಬಂದ ಕೂಡಲೇ ಉಪ್ಪಿನ ಮೇಲೆ ಸಂಶಯ ಬಂತು. 1904ರಲ್ಲಿ ಫ್ರಾನ್ಸಿನ ಆಂಬಾರ್ ಮತ್ತು ಬೋಜಾರ್ ಎಂಬ ಇಬ್ಬರು ವೈದ್ಯರು ಕೆಲವೇ ರೋಗಿಗಳ ಊಟದ ಉಪ್ಪನ್ನು ಏರಿಸಿ ಇಳಿಸಿ ನೋಡಿದರು. ಉಪ್ಪು ಏರಿದಂತೆ ಒತ್ತಡವೂ ಏರುತ್ತಿತ್ತು. ಆದರೆ ಎಲ್ಲ ವೈದ್ಯರೂ ಇದನ್ನು ಒಪ್ಪಲಿಲ್ಲ, ವಾದ ಮುಂದೆ ನಾಲ್ಕು ದಶಕ ನಡೆಯಿತು.

ಅದಕ್ಕೆ ತಿರುವು ಕೊಟ್ಟದ್ದು ಒಂದು ತಪ್ಪು ಕೇಳಿಸಿಕೊಂಡ ಮಾತು. ಹಿಟ್ಲರನ ಕಾಲದ ಜರ್ಮನಿಯನ್ನು ಬಿಟ್ಟು ಅಮೆರಿಕೆಗೆ ಹೋದ ವಾಲ್ಟರ್ ಕೆಂಪ್ನರ್ ಎಂಬ ವೈದ್ಯರು ಉತ್ತರ ಕೆರೊಲೈನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದರು. ಮೂತ್ರಪಿಂಡ ಕೆಟ್ಟು ಒತ್ತಡ ಏರಿದವರಿಗೆ ಅವರು ಕೊಡುತ್ತಿದ್ದುದು ಅನ್ನ, ಹಣ್ಣು ಮತ್ತು ಸಕ್ಕರೆಯ ಪಥ್ಯ. ಉಪ್ಪಿನ ಹರಳೂ ಇಲ್ಲ. ಇಂಥ ಸಪ್ಪೆ ಊಟವನ್ನು ಬಹಳ ದಿನ ಮಾಡಿಸಲು ಅವರಿಗೇ ಧೈರ್ಯವಿರಲಿಲ್ಲ. 1942ರಲ್ಲಿ ಮೂವತ್ಮೂರು ವರ್ಷದ ಒಬ್ಬ ಹೆಂಗಸಿಗೆ ಎರಡು ವಾರ ಈ ಪಥ್ಯ ಮಾಡಿ ತಿರುಗಿ ಬರಲು ಹೇಳಿದರು. ಅವರ ಇಂಗ್ಲಿಷು ಜರ್ಮನ್ ಧಾಟಿಯದು. ಆ ಹಳ್ಳಿಗಾಡಿನ ಹೆಂಗಸಿಗೆ ‘ಎರಡು ತಿಂಗಳು’ ಎಂದು ಕೇಳಿಸಿತು. ಎರಡು ತಿಂಗಳು ಕಳೆದು ಆಕೆ ಬಂದಾಗ ಒತ್ತಡ ಇಳಿದಿತ್ತು, ಕಣ್ಣಿನೊಳಗಿನ ಬಾವು ಇಳಿದಿತ್ತು.

ಎರಡು ಭಾಷೆಗಳ ನಡುವೆ ಬದುಕುವ ನಮಗೆ ಇದು ಹೊಸದಲ್ಲ. ನಮ್ಮ ಊರಿನ ಒಬ್ಬ ಅಜ್ಜಿಗೆ ಮರಾಠಿ ಡಾಕ್ಟರರು “ಏಕ ಆಠವಡಾ” ಗುಳಿಗೆ ತೆಗೆದುಕೊಳ್ಳಿರಿ ಎಂದರಂತೆ. ಆಠವಡಾ ಎಂದರೆ ವಾರ. ಅಜ್ಜಿ ಹೊರಗೆ ಬಂದು, “ಆಠ ವಡಾ ತಿನ್ನಂತಾನಲ್ಲೋ, ನನಗ ಹಲ್ಲೆಲ್ಲಿ ಅದಾವು?” ಎಂದಳು. ಆ ತಪ್ಪಿನಿಂದ ನಾವು ನಕ್ಕೆವು. ಕೆಂಪ್ನರ್ ಅವರ ರೋಗಿಯ ತಪ್ಪಿನಿಂದ ಉಪ್ಪಿಲ್ಲದ ಪಥ್ಯವನ್ನು ಬಹಳ ದಿನ ನಡೆಸಬಹುದು, ನಡೆಸಿದರೆ ಗುಣ ಕಾಣುತ್ತದೆ ಎಂಬುದು ಲೋಕಕ್ಕೆ ತಿಳಿಯಿತು. ಕೆಂಪ್ನರ್ 1944ರಲ್ಲಿ ತಮ್ಮ ಫಲಿತಾಂಶಗಳನ್ನು ವೈದ್ಯರ ಸಭೆಯ ಮುಂದಿಟ್ಟರು. ಆ ಊಟದಲ್ಲಿ ಗುಣ ಕೊಟ್ಟದ್ದು ಅನ್ನವಲ್ಲ, ಉಪ್ಪಿಲ್ಲದಿರುವುದು ಎಂದು 1950ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ವೈದ್ಯರು ತೋರಿಸಿದರು. ಅವರಲ್ಲಿ ಒಬ್ಬರು ಲೂಯಿಸ್ ಡಾಲ್. ಇವರ ಹೆಸರು ಮತ್ತೆ ಬರುತ್ತದೆ.

ಉಪ್ಪು ಒತ್ತಡವನ್ನು ಹೇಗೆ ಏರಿಸುತ್ತದೆ? ‘ಉಪ್ಪು ತಿಂದವರು ನೀರು ಕುಡಿಯಲೇಬೇಕು’ ಎಂಬ ನಮ್ಮ ಇನ್ನೊಂದು ಗಾದೆಯಲ್ಲಿ ಅದರ ಅರ್ಧ ಉತ್ತರವಿದೆ. ಮೈಯೊಳಗೆ ಬಂದ ಉಪ್ಪು ನೀರನ್ನು ಹಿಡಿದಿಡುತ್ತದೆ. ನೀರು ಹೆಚ್ಚಾದರೆ ನಾಳದೊಳಗಿನ ರಕ್ತವೂ ಹೆಚ್ಚುತ್ತದೆ. ಹೆಚ್ಚಾದ ಉಪ್ಪನ್ನು ಹೊರಗೆ ಹಾಕುವವು ಮೂತ್ರಪಿಂಡಗಳು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಜಮಾ ಆದಷ್ಟು ಅದೇ ದಿನ ಖರ್ಚು ಬಿದ್ದರೆ ಲೆಕ್ಕ ಸಮ. ಕೆಲವರ ಮೂತ್ರಪಿಂಡ ಇದನ್ನು ಸುಲಭವಾಗಿ ಮಾಡುತ್ತದೆ. ಇನ್ನು ಕೆಲವರಲ್ಲಿ ರಕ್ತದೊತ್ತಡ ಏರಿ ಹಿಂದಿನಿಂದ ನೂಕಿದರೆ ಮಾತ್ರ ಉಪ್ಪು ಹೊರಗೆ ಹೋಗುತ್ತದೆ. ಮಿಸಿಸಿಪಿಯ ಆರ್ಥರ್ ಗೈಟನ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಇದನ್ನು ಗಣಿತ ಸಮೇತ ವಿವರಿಸಿದರು. ಈ ಎರಡನೆಯ ಬಗೆಯವರನ್ನು ‘ಉಪ್ಪು ತಾಳದ ಮೈಯವರು’ ಎಂದು ಕರೆಯೋಣ.

ಉಪ್ಪನ್ನು ಬಿಡಬೇಕೋ ಇಟ್ಟುಕೊಳ್ಳಬೇಕೋ ಎಂದು ಮೂತ್ರಪಿಂಡಕ್ಕೆ ಆಜ್ಞೆ ಕೊಡುವುದು ಒಂದು ಹಾರ್ಮೋನು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಯಲ್ಲಿ ಅದು ಹುಟ್ಟುತ್ತದೆ. ಹೆಸರು ಆಲ್ಡೋಸ್ಟೆರೋನ್. 1953ರಲ್ಲಿ ಲಂಡನ್ನಿನ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ಸ್ವಿಸ್ ವಿಜ್ಞಾನಿಗಳ ಸಹಾಯದಿಂದ ಅದನ್ನು ಬೇರ್ಪಡಿಸಿದರು. ಮರುವರ್ಷವೇ, ಅಂದರೆ 1954ರಲ್ಲಿ, ಅಮೆರಿಕೆಯ ಮಿಶಿಗನ್ನಿನಲ್ಲಿ ಜೆರೋಮ್ ಕಾನ್ ಎಂಬ ವೈದ್ಯರ ಬಳಿಗೆ ಮೂವತ್ನಾಲ್ಕು ವರ್ಷದ ಒಬ್ಬ ಹೆಂಗಸು ಬಂದಳು. ಕೈಕಾಲು ಸೋಲು, ಸ್ನಾಯು ಸೆಳೆತ, ಜೊತೆಗೆ ಏರಿದ ಒತ್ತಡ. ಕಾನ್ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಿಸಿಲ ನಾಡಿಗೆ ಮನುಷ್ಯರ ಮೈ ಹೇಗೆ ಹೊಂದಿಕೊಳ್ಳುತ್ತದೆ ಎಂದು ಅಭ್ಯಾಸ ಮಾಡಿದವರು. ಬಿಸಿಲಿಗೆ ಹೊಂದಿಕೊಂಡ ಮೈ ಬೆವರಿನಲ್ಲಿಯೂ ಉಪ್ಪನ್ನು ಉಳಿಸಿಕೊಳ್ಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಈ ಹೆಂಗಸಿನ ಬೆವರು ನೋಡಿದರೆ ಅದರಲ್ಲಿಯೂ ಉಪ್ಪು ಬಹಳ ಕಡಿಮೆ. ಅಡ್ರಿನಲ್ ಗ್ರಂಥಿಯಲ್ಲಿದ್ದ ಗಡ್ಡೆ ಅತಿಯಾಗಿ ಆಲ್ಡೋಸ್ಟೆರೋನ್ ಸುರಿಸುತ್ತಿತ್ತು. ಗಡ್ಡೆ ತೆಗೆದರು, ಒತ್ತಡ ಇಳಿಯಿತು. ಹಾರ್ಮೋನು, ಉಪ್ಪು, ಒತ್ತಡ ಈ ಮೂರರ ಗಂಟು ಮೊದಲು ಇಷ್ಟು ಸ್ಪಷ್ಟವಾಗಿ ಕಂಡದ್ದು ಆಗ, ಮತ್ತು ಒಬ್ಬ ಹೆಂಗಸಿನ ಮೈಯಲ್ಲಿ.

ಇನ್ನು ಡಾಲ್ ಅವರ ಇಲಿಗಳ ಕತೆ. ಡಾಲ್ ನ್ಯೂಯಾರ್ಕ್ ಸಮೀಪದ ಬ್ರೂಕ್‌ಹೇವನ್ ಪ್ರಯೋಗಾಲಯಕ್ಕೆ ಹೋಗಿ ಇಲಿಗಳಿಗೆ ಉಪ್ಪು ತಿನ್ನಿಸತೊಡಗಿದರು. ಕೆಲವು ಇಲಿಗಳ ಒತ್ತಡ ಜಿಗಿಯಿತು, ಕೆಲವಕ್ಕೆ ಏನೂ ಆಗಲಿಲ್ಲ. ಆ ಬಗೆಯವನ್ನು ಆ ಬಗೆಯವುಗಳ ಜೊತೆ, ಈ ಬಗೆಯವನ್ನು ಈ ಬಗೆಯವುಗಳ ಜೊತೆ ಕೂಡಿಸಿ ಕೆಲವೇ ತಲೆಮಾರುಗಳಲ್ಲಿ ಎರಡು ಬೇರೆ ವಂಶಗಳನ್ನು ಮಾಡಿದರು. ನಮ್ಮ ರೈತರು ಬೀಜದ ಹೋರಿಯನ್ನು ಆರಿಸಿದ ಹಾಗೆಯೇ. ಉಪ್ಪು ತಾಳದ ವಂಶ, ಉಪ್ಪು ತಾಳುವ ವಂಶ ಎಂದು 1962ರಲ್ಲಿ ಅವರು ಪ್ರಕಟಿಸಿದರು. ಉಪ್ಪು ತಾಳದ ಗುಣ ಮನೆತನದಲ್ಲಿ ಇಳಿದು ಬರುತ್ತದೆ ಎಂಬುದು ಹೀಗೆ ತಿಳಿಯಿತು.

ಇನ್ನೊಂದು ಸಂಗತಿಯೂ ಆ ಪಂಜರಗಳಲ್ಲಿ ಕಂಡಿತು. ಉಪ್ಪು ತಾಳದ ವಂಶದಲ್ಲಿಯೂ ಗಂಡಿಲಿಗಳ ಒತ್ತಡ ಬೇಗ ಏರುತ್ತಿತ್ತು, ಹೆಣ್ಣಿಲಿಗಳದು ತಡವಾಗಿ. 1975ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆಣ್ಣಿಲಿಗಳ ಅಂಡಾಶಯಗಳನ್ನು ತೆಗೆದು ಉಪ್ಪು ತಿನ್ನಿಸಿದರು. ಹೆಣ್ಣುತನ ಕೊಟ್ಟಿದ್ದ ಆ ರಕ್ಷಣೆ ಹೋಯಿತು, ಒತ್ತಡ ಏರಿತು. ಅದೇ ವರ್ಷ ಡಾಲ್ ತೀರಿಕೊಂಡರು.

ಕೇಳುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಇಲಿಗಳಲ್ಲಿ 1975ಕ್ಕೇ ಕಂಡದ್ದನ್ನು ಹೆಂಗಸರಲ್ಲಿ ನೋಡಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಏಕೆಂದರೆ ಲೆಕ್ಕಕ್ಕೆ ಹಿಡಿದದ್ದು ಬಹುಮಟ್ಟಿಗೆ ಗಂಡಸರನ್ನು. ಒತ್ತಡಕ್ಕೆ ಗುಳಿಗೆ ಕೊಟ್ಟರೆ ಜೀವ ಉಳಿಯುತ್ತದೆ ಎಂದು 1967ರಲ್ಲಿ ತೋರಿಸಿದ ಅಮೆರಿಕೆಯ ಹೆಸರಾಂತ ಅಧ್ಯಯನದಲ್ಲಿ 143 ಜನರಿದ್ದರು, ಎಲ್ಲರೂ ಗಂಡಸರು, ಮಾಜಿ ಸೈನಿಕರು. ಹೃದಯಾಘಾತದ ಅಪಾಯಗಳನ್ನು ನೋಡಲು ಮುಂದೆ ನಡೆದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ 12,866 ಜನ, ಅವರಲ್ಲಿಯೂ ಒಬ್ಬ ಹೆಂಗಸಿಲ್ಲ. ಹೃದಯದ ರೋಗ ಗಂಡಸಿನ ರೋಗ ಎಂಬ ನಂಬಿಕೆ ಒಂದು ಕಾರಣ. ಮುಟ್ಟು, ಬಸಿರುಗಳಿಂದ ಲೆಕ್ಕ ಕೆಡುತ್ತದೆ ಎಂಬುದು ಇನ್ನೊಂದು. ಹುಟ್ಟುವ ಕೂಸಿಗೆ ಔಷಧದಿಂದ ಕೇಡಾದೀತೆಂಬ ಭಯ ಮೂರನೆಯದು. 1977ರಲ್ಲಿ ಅಮೆರಿಕೆಯ ಔಷಧ ಇಲಾಖೆಯು ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಹೊಸ ಔಷಧಗಳ ಮೊದಲ ಹಂತದ ಪರೀಕ್ಷೆಗಳಿಂದ ಹೊರಗಿಡಲು ಹೇಳಿತು. ಹೆಂಗಸರನ್ನೂ ಸೇರಿಸಲೇಬೇಕೆಂಬ ಕಾಯ್ದೆ ಅಲ್ಲಿ ಬಂದದ್ದು 1993ರಲ್ಲಿ.

ಎಲ್ಲರೂ ಹಾಗೆ ಮಾಡಿದರು ಎನ್ನುವಂತಿಲ್ಲ. 1948ರಲ್ಲಿ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 5,209 ಜನರ ಆರೋಗ್ಯವನ್ನು ಬರೆದಿಡಲು ತೊಡಗಿದಾಗ ಅರ್ಧಕ್ಕಿಂತ ಹೆಚ್ಚು ಹೆಂಗಸರೇ ಇದ್ದರು. ಇಂಥ ಲೆಕ್ಕಗಳಿಂದಲೇ ಒಂದು ಮಾತು ಸ್ಪಷ್ಟವಾಯಿತು. ನಡುವಯಸ್ಸಿನವರೆಗೆ ಗಂಡಸರ ಒತ್ತಡ ಹೆಚ್ಚು. ಮುಟ್ಟು ನಿಂತ ಮೇಲೆ ಹೆಂಗಸರದು ಬೇಗ ಬೇಗ ಏರಿ ಅವರನ್ನು ಹಿಡಿಯುತ್ತದೆ, ಇಳಿವಯಸ್ಸಿನಲ್ಲಿ ದಾಟಿಯೇ ಹೋಗುತ್ತದೆ. ಹಾರ್ಮೋನಿಗೂ ಒತ್ತಡಕ್ಕೂ ನಂಟಿದೆ ಎಂಬ ಇನ್ನೊಂದು ಸೂಚನೆ ಸಂತಾನ ನಿಯಂತ್ರಣದ ಗುಳಿಗೆಯಿಂದ ಬಂತು. ಅಮೆರಿಕೆಯಲ್ಲಿ 1960ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಆ ಗುಳಿಗೆಯಿಂದ ಕೆಲವರ ಒತ್ತಡ ಏರುತ್ತದೆ, ಬಿಟ್ಟರೆ ಇಳಿಯುತ್ತದೆ ಎಂದು 1967ರಲ್ಲಿ ವೈದ್ಯರು ಬರೆದರು.

ಮನುಷ್ಯರಲ್ಲಿ ಉಪ್ಪು ತಾಳದವರು ಎಷ್ಟು ಮಂದಿ? 1986ರಲ್ಲಿ ಇಂಡಿಯಾನಾದ ಮೈರನ್ ವೈನ್‌ಬರ್ಗರ್ ಮತ್ತು ಸಂಗಡಿಗರು ಲೆಕ್ಕ ಕೊಟ್ಟರು. ಒತ್ತಡ ಇದ್ದವರಲ್ಲಿ ನೂರಕ್ಕೆ 51, ಇಲ್ಲದವರಲ್ಲಿ ನೂರಕ್ಕೆ 26. ಅಂದರೆ ಬಿ.ಪಿ. ಇಲ್ಲದ ಆರೋಗ್ಯವಂತರಲ್ಲಿಯೂ ನಾಲ್ವರಲ್ಲಿ ಒಬ್ಬರಿಗೆ ಉಪ್ಪು ಆಗಿಬರುವುದಿಲ್ಲ.

ಕೊನೆಗೆ 2006ರಲ್ಲಿ ಅಮೆರಿಕೆಯ ಮಯಾಮಿಯ ವೈದ್ಯರು ಸರಿಯಾದ ಪ್ರಶ್ನೆ ಕೇಳಿದರು. ಒತ್ತಡವಿಲ್ಲದ, ನಲವತ್ತೇಳರ ಆಸುಪಾಸಿನ ನಲವತ್ತು ಹೆಂಗಸರು. ಎಲ್ಲರಿಗೂ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯುವ ಆಪರೇಶನ್ ಆಗಬೇಕಿತ್ತು. ಮೊದಲೊಮ್ಮೆ, ಆದ ನಾಲ್ಕು ತಿಂಗಳ ಮೇಲೆ ಒಮ್ಮೆ, ಉಪ್ಪು ಕಡಿಮೆ ಹೆಚ್ಚು ಕೊಟ್ಟು ಒತ್ತಡ ಅಳೆದರು. ಮೊದಲು ನಲವತ್ತರಲ್ಲಿ ಒಂಬತ್ತು ಹೆಂಗಸರು ಉಪ್ಪು ತಾಳದವರಿದ್ದರು. ಆಪರೇಶನ್ ಆದ ಮೇಲೆ ಇಪ್ಪತ್ತೊಂದು. ಅದೇ ಹೆಂಗಸರು, ಅದೇ ಉಪ್ಪು. ನಾಲ್ಕು ತಿಂಗಳಿನಲ್ಲಿ ವಯಸ್ಸು ಏನು ಏರೀತು? ಬದಲಾದದ್ದು ಅಂಡಾಶಯ ಹೋದದ್ದು ಒಂದೇ.

ಈ ಅಂಕಿಗಳನ್ನು ನಾನು ಮೊದಲು ತಿಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಮ್ಮ ಮನೆಯವರ ಆಪರೇಶನ್ 2001ರದು. ಆಗ ಇದು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಆ ಡಾಕ್ಟರರನ್ನು ಪೂರ್ತಿ ದೂರಲಾರೆ.

ಚೀನದ ಹಳ್ಳಿಗಳಿಂದಲೂ ಸಾಕ್ಷಿ ಬಂತು. ಅಲ್ಲಿ 1,906 ಜನರಿಗೆ ಒಂದು ವಾರ ದಿನಕ್ಕೆ 3 ಗ್ರಾಂ, ಇನ್ನೊಂದು ವಾರ 18 ಗ್ರಾಂ ಉಪ್ಪಿನ ಊಟ ಕೊಟ್ಟು ನೋಡಿದರು. 2009ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಉಪ್ಪು ಇಳಿದಾಗ ಹೆಂಗಸರ ಒತ್ತಡ ಗಂಡಸರದಕ್ಕಿಂತ ಹೆಚ್ಚು ಇಳಿಯಿತು, ಏರಿದಾಗ ಹೆಚ್ಚು ಏರಿತು. ಆದ್ದರಿಂದ ಮುಟ್ಟು ನಿಲ್ಲುವುದಕ್ಕೆ ಮೊದಲೂ ಹೆಂಗಸರು ಉಪ್ಪಿಗೆ ಹೆಚ್ಚು ಮಣಿಯುತ್ತಾರೆ ಎನ್ನುವ ವಿಜ್ಞಾನಿಗಳು ಇಂದು ಇದ್ದಾರೆ. ಹರೆಯದಲ್ಲಿ ಅಂಡಾಶಯದ ಹಾರ್ಮೋನುಗಳು ಅದನ್ನು ಮರೆಮಾಡಿರುತ್ತವೆ ಎಂದು ಅವರ ವಿಚಾರ.

ಹೇಗೆ ಮರೆಮಾಡುತ್ತವೆ ಎಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಅಂಡಾಶಯದಿಂದ ಬರುವ ಈಸ್ಟ್ರೋಜೆನ್ ರಕ್ತನಾಳಗಳನ್ನು ಸಡಿಲವಾಗಿಡುತ್ತದೆ. ನೀರು ಹೆಚ್ಚಾದರೂ ಕಾಲುವೆ ಅಗಲವಿದ್ದರೆ ದಂಡೆಗೆ ಪೆಟ್ಟಿಲ್ಲ. ಇನ್ನೊಂದು ಹಾರ್ಮೋನು ಪ್ರೊಜೆಸ್ಟೆರೋನ್, ಉಪ್ಪು ಹಿಡಿದಿಡುವ ಆಲ್ಡೋಸ್ಟೆರೋನಿನ ಕೈಯನ್ನು ಮೂತ್ರಪಿಂಡದಲ್ಲಿ ತಡೆಯುತ್ತದೆ. ಇದು 1950ರ ದಶಕದ ಕೊನೆಗೇ ತಿಳಿದಿತ್ತು. ಮುಟ್ಟು ನಿಂತಾಗ, ಇಲ್ಲವೇ ಅಂಡಾಶಯ ತೆಗೆದಾಗ, ಈ ಎರಡೂ ಕಾವಲುಗಾರರು ಒಮ್ಮೆಗೇ ಕೆಲಸ ಬಿಡುತ್ತಾರೆ. ತಾನಾಗಿ ನಿಲ್ಲುವ ಮುಟ್ಟಿನಲ್ಲಿ ನಾಲ್ಕಾರು ವರ್ಷ ನಿಧಾನವಾಗಿ ನಡೆಯುವುದು ಆಪರೇಶನ್ನಿನಲ್ಲಿ ಒಂದೇ ದಿನದಲ್ಲಿ ನಡೆಯುತ್ತದೆ. ಇದರ ಮೇಲೆ ಮೈಯ ಕೊಬ್ಬೂ ಸೇರಿಕೊಂಡರೆ ಇನ್ನೊಂದು ಭಾರ. ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ಅಡ್ರಿನಲ್ ಗ್ರಂಥಿಯನ್ನು ಕೆಣಕಿ ಆಲ್ಡೋಸ್ಟೆರೋನನ್ನು ಹೆಚ್ಚಿಸುತ್ತದೆ ಎಂದು ಇಲಿಗಳ ಪ್ರಯೋಗಗಳಿಂದ 2015ರಲ್ಲಿ ತಿಳಿಯಿತು.

ಹಾಗಾದರೆ ಹಾರ್ಮೋನಿನ ಗುಳಿಗೆ ನುಂಗಿದರಾಯಿತಲ್ಲ ಎಂದು ನೀವು ಕೇಳಬಹುದು. ಅಮೆರಿಕೆಯಲ್ಲಿ ಹಾಗೆಂದು ನಂಬಿದ್ದರು. ಅಲ್ಲಿಯ ದೊಡ್ಡ ಪ್ರಯೋಗವೊಂದನ್ನು 2002ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಎರಡೂ ಹಾರ್ಮೋನು ಕೂಡಿದ ಗುಳಿಗೆಯಿಂದ ಹೃದಯಕ್ಕೆ ರಕ್ಷಣೆ ಸಿಗಲಿಲ್ಲ, ಸ್ತನ ಕ್ಯಾನ್ಸರ್ ಮತ್ತು ಲಕ್ವ ಹೆಚ್ಚಿದವು. ವೈದ್ಯರು ಒಬ್ಬೊಬ್ಬರನ್ನು ನೋಡಿ ಕೊಡಬೇಕಾದದ್ದು ಅದು, ನಾವಾಗಿ ಕೊಳ್ಳುವುದಲ್ಲ.

ಇನ್ನೊಂದು ಎಚ್ಚರಿಕೆ ಬಸುರಿಯರ ಬಗ್ಗೆ. ಬಸಿರಿನಲ್ಲಿ ಕಾಲು ಬಾತರೆ ಉಪ್ಪು ಬಿಡಿಸುವ ರೂಢಿ ಯುರೋಪಿನಲ್ಲಿಯೂ ಇತ್ತು, ನಮ್ಮಲ್ಲಿಯೂ ಇದೆ. 1958ರಲ್ಲಿ ಲಂಡನ್ನಿನ ಮಾರ್ಗರೆಟ್ ರಾಬಿನ್ಸನ್ ಎಂಬ ವೈದ್ಯೆ ಸುಮಾರು ಎರಡು ಸಾವಿರ ಬಸುರಿಯರಲ್ಲಿ ಉಪ್ಪು ಬಿಟ್ಟವರನ್ನೂ ತಿಂದವರನ್ನೂ ಹೋಲಿಸಿದರು. ಬಿಟ್ಟವರಿಗೆ ಗುಣವಾಗಿರಲಿಲ್ಲ, ತಿಂದವರಲ್ಲಿಯೇ ಬಸಿರಿನ ನಂಜು ಕಡಿಮೆ ಇತ್ತು. ಬಸುರಿಯ ಮೈಯ ಲೆಕ್ಕವೇ ಬೇರೆ. ಆದ್ದರಿಂದ ಇಂದು ನಾನು ಹೇಳಿದ್ದನ್ನು ಕೇಳಿ ಸೊಸೆಯ ಅಥವಾ ಮಗಳ ಬಸಿರೂಟದ ಉಪ್ಪನ್ನು ಯಾರೂ ಬಿಡಿಸಬಾರದು. ಬಸುರಿಯ ಬಿ.ಪಿ. ಅಳೆಸಿರಿ, ಡಾಕ್ಟರರು ಹೇಳಿದಂತೆ ನಡೆಯಿರಿ.

ಈಗ ನಮ್ಮ ಸೀಮೆಯ ಮಾತು. ನಾನು ಬ್ಯಾಂಕಿನಲ್ಲಿ ಬಂಗಾರದ ಸಾಲದ ಮೇಜಿನ ಮೇಲೆ ಕೂತಿದ್ದಾಗ ಕಾರಣದ ಕಾಲಮ್ಮಿನಲ್ಲಿ ‘ಬಿತ್ತನೆ’, ‘ಮದುವೆ’ ಎಂದು ಬರೆಯುವಷ್ಟೇ ಸಾರಿ ‘ಹೆಂಡತಿಯ ಆಪರೇಶನ್’ ಎಂದು ಬರೆದಿದ್ದೇನೆ. ಬೋರಮಾಳ ಬಿಚ್ಚಿ ಮೇಜಿನ ಮೇಲಿಟ್ಟ ಹೆಣ್ಣುಮಕ್ಕಳಲ್ಲಿ ಮೂವತ್ತು, ಮೂವತ್ತೈದು ವರ್ಷದವರೇ ಬಹಳ. ಬರೆದದ್ದು ನನ್ನ ಕೈ. ಒಂದು ಸಾರಿಯೂ ಅದರ ಬಗ್ಗೆ ಯೋಚಿಸಲಿಲ್ಲ. 2019ರಲ್ಲಿ ಬೀಡ ಜಿಲ್ಲೆಯ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು. ಅಲ್ಲಿಯ ಕಬ್ಬು ಕಡಿಯುವವರು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಗಂಡ ಹೆಂಡತಿ ಜೋಡಿಯಾಗಿ ಬರುತ್ತಾರೆ. ಆ ಜೋಡಿಗೆ ‘ಕೊಯ್ತಾ’ ಎಂದೇ ಹೆಸರು. ಮುಟ್ಟಿನ ದಿನ ಕೆಲಸ ತಪ್ಪಿದರೆ ದಂಡ. ರಾಜ್ಯ ಸರಕಾರ ನೇಮಿಸಿದ ಸಮಿತಿ 82 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿಯ ಗರ್ಭಚೀಲ ತೆಗೆದಾಗಿತ್ತು. ಅನಾವಶ್ಯಕ ಆಪರೇಶನ್ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ನಿಯಮಗಳನ್ನು ಮಾಡಿತು. ಅವನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ರಾಜ್ಯಗಳಿಗೆ ಹೇಳಿತು.

ಗರ್ಭಚೀಲ ಒಂದನ್ನೇ ತೆಗೆದು ಅಂಡಾಶಯ ಉಳಿಸಿದರೆ ಹಾರ್ಮೋನು ಉಳಿಯುತ್ತದೆ. ಎರಡನ್ನೂ ತೆಗೆದರೆ ಅವತ್ತೇ ಹೋಗುತ್ತದೆ. ಜೀವ ಉಳಿಸಲು ತೆಗೆಯಲೇಬೇಕಾದ ಸಂದರ್ಭಗಳು ಇವೆ, ಅಲ್ಲಿ ಹಿಂಜರಿಯಬಾರದು. ಆದರೆ ಏನು ತೆಗೆಯುತ್ತೀರಿ, ಏಕೆ ತೆಗೆಯುತ್ತೀರಿ ಎಂದು ಮೊದಲು ಕೇಳಿರಿ. ಆದ ಮೇಲೆ ಕಾಗದವನ್ನು ಓದಿಸಿ ಕೇಳಿರಿ. ಅದು ಇಂಗ್ಲಿಷಿನಲ್ಲಿರುತ್ತದೆ, ಹೇಳುವವರು ಮರಾಠಿಯಲ್ಲಿ ಹೇಳುತ್ತಾರೆ, ಕೇಳುವ ಹೆಣ್ಣುಮಗಳು ಕನ್ನಡದವಳು. ಈ ಮೂರರ ಸಂದಿಯಲ್ಲಿ ಒಂದು ಶಬ್ದ ಜಾರಿಬಿದ್ದರೆ ಹತ್ತು ವರ್ಷ ಜಾರಿಹೋಗುತ್ತವೆ. ಆಪರೇಶನ್ ಆದವರು, ಮುಟ್ಟು ನಿಂತವರು ಆರು ತಿಂಗಳಿಗೊಮ್ಮೆಯಾದರೂ ಬಿ.ಪಿ. ಅಳೆಸಿಕೊಳ್ಳಿರಿ.

ಉಪ್ಪು ಎಷ್ಟು ತಿನ್ನಬೇಕು? ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಚಹದ ಚಮಚದಿಂದ ಸಮ ಮಾಡಿದ ಒಂದು ಚಮಚಕ್ಕಿಂತ ತುಸು ಕಡಿಮೆ, ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗಂಡಸರು ಸರಾಸರಿ 8.9 ಗ್ರಾಂ, ಹೆಂಗಸರು 7.1 ಗ್ರಾಂ ತಿನ್ನುತ್ತಾರೆ. ನಮ್ಮ ಭಕ್ರಿಯಲ್ಲಿ ಉಪ್ಪಿಲ್ಲ, ಅದು ನಮ್ಮ ಪುಣ್ಯ. ಉಪ್ಪು ಇರುವುದು ಅದರ ಸಂಗಡ ನಂಜಿಕೊಳ್ಳುವ ಶೇಂಗಾ ಹಿಂಡಿ, ಖರ್ಡಾ, ಉಪ್ಪಿನಕಾಯಿ, ಹಪ್ಪಳ, ಈಗೀಗ ಪಾಕೀಟಿನ ಫರಸಾಣದಲ್ಲಿ. ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಸೇರಿಸಿದ ಉಪ್ಪನ್ನು ಚೀನದ 600 ಹಳ್ಳಿಗಳಲ್ಲಿ ಪರೀಕ್ಷಿಸಿ, ಲಕ್ವ ನೂರಕ್ಕೆ 14ರಷ್ಟು ಕಡಿಮೆಯಾಯಿತೆಂದು 2021ರಲ್ಲಿ ತಿಳಿಸಿದರು. ಆದರೆ ಮೂತ್ರಪಿಂಡದ ತೊಂದರೆ ಇದ್ದವರಿಗೆ ಅಂಥ ಉಪ್ಪು ಅಪಾಯ, ಡಾಕ್ಟರರನ್ನು ಕೇಳದೆ ಬಳಸಬಾರದು.

ಮುಗಿಸುವ ಮುನ್ನ ಒಂದು ಹಳೆಯ ಸಂಗತಿ. 1930ರಲ್ಲಿ ದಾಂಡಿಯಲ್ಲಿ ಉಪ್ಪಿನ ಕಾಯ್ದೆ ಮುರಿದ ಗಾಂಧೀಜಿಯವರು ಅದಕ್ಕೂ ಬಹಳ ವರ್ಷ ಮುಂಚೆ, ದಕ್ಷಿಣ ಆಫ್ರಿಕೆಯಲ್ಲಿದ್ದಾಗ, ಮನೆಯಲ್ಲಿ ಒಂದು ಉಪ್ಪಿನ ಸತ್ಯಾಗ್ರಹ ಮಾಡಿದ್ದರು. ಕಸ್ತೂರಬಾ ಅವರಿಗೆ ಆಪರೇಶನ್ ಆಗಿ, ಮತ್ತೆ ರಕ್ತಸ್ರಾವ ಶುರುವಾಗಿತ್ತು. ಉಪ್ಪನ್ನೂ ಬೇಳೆಯನ್ನೂ ಬಿಡು ಎಂದು ಗಾಂಧೀಜಿ ಕೇಳಿಕೊಂಡರು. ನಿಮಗೆ ಹೇಳಿದರೆ ನೀವೂ ಬಿಡಲಾರಿರಿ ಎಂದು ಕಸ್ತೂರಬಾ ಉತ್ತರ ಕೊಟ್ಟರು. ಗಾಂಧೀಜಿ ಆ ಕ್ಷಣವೇ ಒಂದು ವರ್ಷ ಎರಡನ್ನೂ ಬಿಡುವುದಾಗಿ ಸಂಕಲ್ಪ ಮಾಡಿದರು. ಇದನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದು ರಕ್ತದೊತ್ತಡದ ಔಷಧವಾಗಿರಲಿಲ್ಲ, ಅವರ ಪಥ್ಯ ಇಂದಿನ ವೈದ್ಯಕ್ಕೆ ಒಪ್ಪಿಗೆಯಾಗಬೇಕೆಂದೂ ಇಲ್ಲ. ನನಗೆ ಹಿಡಿಸಿದ್ದು ಇಷ್ಟೇ, ಹೆಂಡತಿಗೆ ಬಿಡು ಎಂದವರು ತಾವೂ ಬಿಟ್ಟರು.

ನಮ್ಮ ಮನೆಯಲ್ಲಿ ಮೊದಲು ಅವರೊಬ್ಬರಿಗೇ ಬೇರೆ ಸಪ್ಪೆ ಪಲ್ಯ ಆಗುತ್ತಿತ್ತು. ಎಲ್ಲರಿಗೂ ಉಪ್ಪು ಹಾಕಿ ಮಾಡಿ, ತಮ್ಮದನ್ನು ಅವರು ಮೂಲೆಯಲ್ಲಿ ಕೂತು ಉಣ್ಣುತ್ತಿದ್ದರು. ಒಂದು ದಿನ ನಾನು, “ನನಗೂ ಅದನ್ನ ಹಾಕು” ಎಂದೆ. “ನಿಮಗ ರುಚಿ ಹತ್ತೂದಿಲ್ರೀ” ಎಂದರು. ನಿಜ, ಎರಡು ತಿಂಗಳು ಹತ್ತಲಿಲ್ಲ. ಆಮೇಲೆ ನಾಲಿಗೆ ಒಪ್ಪಿಕೊಂಡಿತು. ಈಗ ನಮ್ಮಲ್ಲಿ ಒಂದೇ ಪಾತ್ರೆಯ ಪಲ್ಯ. ಅವರ ಎಡಗೈ ಇನ್ನೂ ಪೂರ್ತಿ ಬಂದಿಲ್ಲ. ಭಕ್ರಿ ನಾನು ಬಡಿಯುತ್ತೇನೆ, ದುಂಡಗಾಗುವುದಿಲ್ಲ. ಪ್ರತಿ ತಿಂಗಳು ಒಂದನೆಯ ತಾರೀಖು ಇಬ್ಬರೂ ಹೋಗಿ ಬಿ.ಪಿ. ಅಳೆಸಿಕೊಂಡು ಬಂದು, ಹಳೆಯ ಒಂದು ಲೆಡ್ಜರಿನಲ್ಲಿ ಬರೆದಿಡುತ್ತೇನೆ. ಎಡಕ್ಕೆ ಅವರದು, ಬಲಕ್ಕೆ ನನ್ನದು.

ನಿಮ್ಮ ಮನೆಯಲ್ಲಿಯೂ ಅಂಥ ಒಂದು ವಹಿ ಇರಲಿ.